ಹಳೆಯ ಗಿರಣಿಯೂ ಹೊಸ ಅಂತೇವಾಸಿಗಳೂ

ಕಳೆದ ಮಾಘಮಾಸದ ಒಂದು ಸಾಯಂಕಾಲ ಭಾಲ್ಕಿಯಿಂದ ನಮ್ಮ ಹಳೆಯ ಶಿಷ್ಯರೊಬ್ಬರು ಬೀದರಿನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಈಗ ನಲವತ್ತೈದರ ಪ್ರಾಯ. ಮೀಸೆಯಲ್ಲಿ ನರೆ ತೋರಿದೆ. ಆದರೂ ನಮ್ಮೆದುರಿಗೆ ಕುರ್ಚಿಯ ಮೇಲೆ ಕುಳಿತುಕೊಳ್ಳಲು ಇಂದಿಗೂ ಸಂಕೋಚಪಡುತ್ತಾರೆ. ಕುಶಲಪ್ರಶ್ನೆಗಳಾದ ತರುವಾಯ ಅವರು ಚೀಲದೊಳಗಿಂದ ನಕ್ಷೆಯ ಸುರುಳಿಯೊಂದನ್ನು ತೆಗೆದು ಚಾಪೆಯ ಮೇಲೆ ಹಾಸಿ, “ಗುರುಗಳೇ, ಇದರಾಗ ನಿಮ್ಮ ಮಾತೊಂದು ಬೇಕಾಗ್ಯದರಿ” ಎಂದರು.

ಸಂಗತಿ ಇಷ್ಟು. ಅವರ ತಂದೆಯವರು ಕಟ್ಟಿಸಿದ ತೊಗರಿಬೇಳೆಯ ಗಿರಣಿಯೊಂದು ಭಾಲ್ಕಿಯಲ್ಲಿ ಹತ್ತು ವರ್ಷಗಳಿಂದ ನಿಂತುಹೋಗಿದೆ. ಯಂತ್ರಗಳನ್ನು ಮಾರಿಯಾಯಿತು. ಉಳಿದಿರುವುದು ಕರಿಯ ಕಲ್ಲಿನ ದಪ್ಪ ಗೋಡೆಗಳು, ಕಬ್ಬಿಣದ ತೊಲೆಗಳ ಮೇಲಿನ ಮಾಡು, ಬೇಳೆಯನ್ನು ಒಣಹಾಕುತ್ತಿದ್ದ ವಿಶಾಲವಾದ ಅಂಗಳ, ಒಂದು ಬಾವಿ, ಒಂದು ಬೇವಿನ ಮರ. ಸ್ಥಳವನ್ನು ಪ್ಲಾಟುಗಳಾಗಿ ತುಂಡರಿಸಿ ಮಾರೋಣವೆಂದು ಅವರ ತಮ್ಮನು ಹೇಳುತ್ತಾನೆ. ಧಾನ್ಯದ ವರ್ತಕರೊಬ್ಬರು ಅದನ್ನು ಇದ್ದಂತೆಯೇ ಗೋದಾಮಿಗೆ ಬಾಡಿಗೆಗೆ ಕೇಳುತ್ತಿದ್ದಾರೆ. ಕಾಲೇಜಿನಲ್ಲಿ ಓದುತ್ತಿರುವ ಮಗಳು ಮಾತ್ರ ಮೂರನೆಯ ಮಾರ್ಗವೊಂದನ್ನು ಹಿಡಿದಿದ್ದಾಳೆ: ಬೀದಿಯ ಮಗ್ಗುಲಿಗೆ ಅಂಗಡಿಗಳು, ಒಂದು ಊಟದ ಮನೆ, ಒಂದು ವಾಚನಾಲಯ, ಒಳಗೆ ಅಂಗಳದ ಸುತ್ತ ಎರಡು ಅಂತಸ್ತುಗಳಲ್ಲಿ ವಿದ್ಯಾರ್ಥಿಗಳಿಗೆ ಕೋಣೆಗಳು. ನಕ್ಷೆಯನ್ನು ಬರೆಯಿಸಿದವಳು ಅವಳೇ.

ತಂದೆಗೆ ಮಗಳ ವಿಚಾರವೂ ಮೆಚ್ಚಿಗೆ, ವರ್ತಕರ ಬಾಡಿಗೆಯೂ ಬೇಕು. ಆದುದರಿಂದ ಮುಂದಿನ ಅರ್ಧವನ್ನು ಧಾನ್ಯದವರಿಗೂ ಹಿಂದಿನ ಅರ್ಧವನ್ನು ವಿದ್ಯಾರ್ಥಿಗಳಿಗೂ ಕೊಟ್ಟು, ನಡುವೆ ಒಂದು ಗೋಡೆಯನ್ನೆತ್ತಿದರೆ ಎರಡು ಕಾರ್ಯಗಳೂ ಕೈಗೂಡುವುವಲ್ಲವೇ ಎಂದು ಕೇಳಿದರು. ಆ ನಡುಗೋಡೆಯ ಮಾತು ಕಿವಿಗೆ ಬಿದ್ದೊಡನೆ ನಮಗೆ ಉತ್ತರ ಹೇಳಲಾಗಲಿಲ್ಲ. “ಮುಂದಿನ ವಾರ ಭಾಲ್ಕಿಗೆ ಬಂದು ಕಣ್ಣಾರೆ ನೋಡಿ ಹೇಳುವೆವು” ಎಂದು ಕಳುಹಿಸಿಕೊಟ್ಟೆವು. ಏಕೆ ಹೇಳಲಾಗಲಿಲ್ಲವೆಂಬುದನ್ನು ನಮ್ಮ ಮನೆಯವರಿಗೂ ಈವರೆಗೆ ಪೂರ್ತಿಯಾಗಿ ತಿಳಿಸಿದವರಲ್ಲ. ಇಂದು ಈ ಪುಟದಲ್ಲಿ ತಿಳಿಸುವುದು ಕರ್ತವ್ಯವೆಂದು ತೋರಿದೆ. ಏಕೆಂದರೆ ಇನ್ನು ಕೆಲವು ವಾರಗಳಲ್ಲಿ ನಮ್ಮ ವಾಚಕರಲ್ಲಿ ಅನೇಕರು ಮಕ್ಕಳ ಹಾಸಿಗೆಯನ್ನು ಸುತ್ತಿಕೊಂಡು ಪರಸ್ಥಳದಲ್ಲಿ ಕೋಣೆಯನ್ನು ಹುಡುಕಲು ಹೊರಡುವವರು.

ನಮ್ಮ ಹುಟ್ಟೂರು ಔರಾದ ತಾಲ್ಲೂಕಿನ ಒಂದು ಹಳ್ಳಿ. ರೈಲುಮಾರ್ಗವು ಬೀದರಿನಿಂದ ಭಾಲ್ಕಿ, ಕಮಲನಗರಗಳ ಮೇಲಿಂದ ಉದಗೀರಿನ ಕಡೆಗೆ ಹೋಗುವುದೇ ಹೊರತು ಔರಾದ ಪಟ್ಟಣವನ್ನು ಮುಟ್ಟುವುದಿಲ್ಲ. ಬೀದರಿಗೆ ಸುಮಾರು ೪೦ ಕಿಲೋಮೀಟರು ಬಸ್ಸಿನ ಹಾದಿ. ಮೆಟ್ರಿಕ್ ಮುಗಿಸಿದ ಬಡವರ ಮಕ್ಕಳು ಮುಂದೆ ಓದಬೇಕಾದರೆ ಬೀದರಿನಲ್ಲಿಯೋ ಭಾಲ್ಕಿಯಲ್ಲಿಯೋ ನಿಲ್ಲಲೇಬೇಕಾಗಿತ್ತು. ನಮ್ಮ ತಂದೆಯವರ ಕಾಲದಲ್ಲಿ ವಾರಾನ್ನದ ಪದ್ಧತಿಯಿತ್ತು. ದಿನಕ್ಕೊಂದು ಮನೆಯ ಊಟ, ಯಾವುದಾದರೊಂದು ಜಗುಲಿಯಲ್ಲಿ ನಿದ್ರೆ. ನಮ್ಮ ಕಾಲಕ್ಕೆ ಅದು ನಿಂತುಹೋಗಿತ್ತು. ವಸತಿಗೃಹಗಳು ಇನ್ನೂ ಸಾಕಷ್ಟು ಬಂದಿರಲಿಲ್ಲ.

೧೯೮೨ನೆಯ ಇಸವಿಯಲ್ಲಿ ನಾವೂ ನೆರೆಯ ಹಳ್ಳಿಯ ಸಹಪಾಠಿಯೊಬ್ಬನೂ ಬೀದರಿನ ಒಂದು ನಿಂತುಹೋದ ಎಣ್ಣೆಯ ಗಿರಣಿಯಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದೆವು. ಅವನು ಗಣಿತದಲ್ಲಿ ನಿಪುಣ. ನಮಗೆ ಸಂಸ್ಕೃತದಲ್ಲಿ ಆಸಕ್ತಿ. ರಾತ್ರಿ ಒಂದೇ ದೀಪದಲ್ಲಿ ಓದುತ್ತಿದ್ದೆವು. ಗಿರಣಿಯ ಉಳಿದ ಭಾಗವು ಧಾನ್ಯದ ಗೋದಾಮು. ನಡುವೆ ಒಂದು ಗೋಡೆ. ಆ ಗೋಡೆಯು ಮಾಡಿನವರೆಗೆ ಮುಟ್ಟಿರಲಿಲ್ಲ. ಅದರ ಮೇಲಿನ ಕಂಡಿಯಿಂದ ಗಾಳಿ ಬರುವುದೆಂದು ನಾವು ಸಂತೋಷಪಡುತ್ತಿದ್ದೆವು.

ದೀಪಾವಳಿಗೆ ನಾವು ಊರಿಗೆ ಹೋದೆವು. ಪರೀಕ್ಷೆ ಹತ್ತಿರವಿದೆಯೆಂದು ಅವನು ಉಳಿದುಕೊಂಡನು. ಬಸ್ಸಿನ ಖರ್ಚನ್ನು ಉಳಿಸುವುದೂ ಅವನ ಮನಸ್ಸಿನಲ್ಲಿದ್ದಿರಬೇಕು. ಹಬ್ಬದ ರಜೆಯಲ್ಲಿ ಯಾರೂ ಇರುವುದಿಲ್ಲವೆಂದು ತಿಳಿದು ಗೋದಾಮಿನವರು ಆ ರಾತ್ರಿ ಚೀಲಗಳ ಮೇಲೆ ತಾಡಪಾಲು ಹೊದಿಸಿ, ಹುಳು ಸಾಯುವ ಗುಳಿಗೆಗಳನ್ನು ಇಟ್ಟು ಬಾಗಿಲಿಕ್ಕಿಕೊಂಡು ಹೋದರು. ಅಲ್ಯೂಮಿನಿಯಮ್ ಫಾಸ್ಫೈಡೆಂಬ ಆ ಗುಳಿಗೆಯು ಗಾಳಿಯಲ್ಲಿರುವ ತೇವವನ್ನು ಹೀರಿ ಫಾಸ್ಫೀನೆಂಬ ವಿಷವಾಯುವನ್ನು ಬಿಡುತ್ತದೆ. ಹುಳುವನ್ನು ಕೊಲ್ಲುವುದು ಆ ವಾಯುವೇ. ಅದಕ್ಕೆ ಇಂದಿಗೂ ಪ್ರತಿವಿಷವಿಲ್ಲ. ಹಬ್ಬ ಮುಗಿಸಿ ನಾವು ಬಸ್ಸಿನಿಂದ ಇಳಿಯುವ ವೇಳೆಗೆ ಅವನು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದನು. ಅವನ ತಾಯಿ ಅವನಿಗೆಂದು ಕಟ್ಟಿಕೊಟ್ಟಿದ್ದ ಕರಚಿಕಾಯಿಯ ಗಂಟು ನಮ್ಮ ಕೈಯಲ್ಲಿತ್ತು. ಅದನ್ನು ಹಾಗೆಯೇ ಆಕೆಗೆ ಮರಳಿ ಒಪ್ಪಿಸಿದೆವು.

ಈ ಪ್ರಸಂಗದಲ್ಲಿ ದುಷ್ಟರೆನ್ನತಕ್ಕವರು ಯಾರೂ ಇರಲಿಲ್ಲ. ಬಾಡಿಗೆಯೂ ಕಡಿಮೆ, ಮಾಲಿಕರ ಮಾತೂ ಮೃದು. ಗೋಡೆಯಾಚೆ ಒಬ್ಬ ಹುಡುಗನು ಮಲಗಿರುವನೆಂಬುದು ಆ ರಾತ್ರಿ ಯಾರ ನೆನಪಿಗೂ ಬರಲಿಲ್ಲ, ಅಷ್ಟೇ.

ಸಂಸ್ಕೃತದಲ್ಲಿ ಶಿಷ್ಯನಿಗೆ ಅಂತೇವಾಸಿಯೆಂಬ ಹೆಸರುಂಟು. ಅಂತೇ ಎಂದರೆ ಸಮೀಪದಲ್ಲಿ; ವಾಸಿ ಎಂದರೆ ವಾಸಿಸುವವನು. ಓದುವವನೆಂದಾಗಲಿ ಬರೆಯುವವನೆಂದಾಗಲಿ ಆ ಪದಕ್ಕೆ ಅರ್ಥವಿಲ್ಲ. ಹತ್ತಿರದಲ್ಲಿ ಇರುವವನೆಂದೇ ಅರ್ಥ. ವಿದ್ಯಾರ್ಥಿಯು ಎಲ್ಲಿ ಮಲಗುತ್ತಾನೆ, ಯಾರ ಹತ್ತಿರ ಮಲಗುತ್ತಾನೆ ಎಂಬುದನ್ನು ನಮ್ಮ ಹಿರಿಯರು ವಿದ್ಯೆಯ ಒಂದು ಅಂಗವೆಂದೇ ಎಣಿಸಿದ್ದರು.

ಇದು ಬರಿಯ ಪದವಿಚಾರವಲ್ಲ, ಶಿಲಾಶಾಸನಗಳೇ ಇದಕ್ಕೆ ಸಾಕ್ಷಿ. ಈಗಿನ ವಿಜಯಪುರ ಜಿಲ್ಲೆಯ ಇಂಡಿಯ ಬಳಿಯಿರುವ ಸಾಲೋಟಗಿಯಲ್ಲಿ ಕ್ರಿ.ಶ. ೯೪೫ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿಯಾದ ನಾರಾಯಣನು ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳನ್ನು ಕೊಟ್ಟರು. ಶಾಲೆಯ ನಿರ್ವಾಹಕ್ಕೆ ೫೦೦ ನಿವರ್ತನ ಭೂಮಿಯನ್ನು ಬಿಟ್ಟರು. ದೀಪಕ್ಕೆಂದೇ ಬೇರೆ ೧೨ ನಿವರ್ತನ ಭೂಮಿಯನ್ನು ತೆಗೆದಿರಿಸಿದರು. ನಮಗೆ ಇನ್ನೂ ಸಮೀಪವಾದ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, ೧೦೫೮ರ ಶಾಸನದಂತೆ, ವೇದಾಧ್ಯಯನದ ೨೦೦ ಮಂದಿಗೂ ಶಾಸ್ತ್ರಾಧ್ಯಯನದ ೫೨ ಮಂದಿಗೂ ಏರ್ಪಾಡಿತ್ತು. ಗ್ರಂಥಭಂಡಾರವನ್ನು ನೋಡಿಕೊಳ್ಳಲು ೬ ಮಂದಿ ಇದ್ದರು. ಗೋಡೆಯನ್ನು ಕಟ್ಟುವುದಕ್ಕಿಂತ ದೀಪ ಉರಿಯುತ್ತಿರುವಂತೆ ಮಾಡುವುದು ಕಷ್ಟವೆಂಬುದನ್ನು ಅವರು ಬಲ್ಲವರಾಗಿದ್ದರು. ಹೊಲದ ಉತ್ಪನ್ನದಿಂದ ವಿದ್ಯಾರ್ಥಿಯ ಮನೆ ನಡೆಯಲಿ ಎಂದು ಅವರು ಏರ್ಪಡಿಸಿದರು. ಕೆಳಗಿನ ಅಂಗಡಿಯ ಬಾಡಿಗೆಯಿಂದ ಮೇಲಿನ ವಸತಿ ನಡೆಯಲಿ ಎಂದು ಇಂದಿನವರು ಹೇಳುತ್ತಾರೆ. ಯುಕ್ತಿ ಒಂದೇ.

ನಮ್ಮ ಬೀದರಿನಲ್ಲಿಯಂತೂ ಇದರ ಪಾಠವು ಬೀದಿಯ ಮಧ್ಯದಲ್ಲಿಯೇ ನಿಂತಿದೆ. ಬಹಮನೀ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ಸುಮಾರು ೨೦೫ ಅಡಿ ಉದ್ದ, ೧೮೦ ಅಡಿ ಅಗಲದ ಆ ಮೂರಂತಸ್ತಿನ ಸೌಧದಲ್ಲಿ ವಿದ್ಯಾರ್ಥಿಗಳಿಗೆ ೩೬ ಕೋಣೆಗಳು, ಅಧ್ಯಾಪಕರ ವಾಸಕ್ಕೆ ೬ ಬಿಡಾರಗಳು, ಪಾಠಶಾಲೆಗಳು, ಗ್ರಂಥಾಲಯ, ಪ್ರಾರ್ಥನಾಮಂದಿರ, ಎಲ್ಲದರ ನಡುವೆ ಆಕಾಶಕ್ಕೆ ತೆರೆದ ಅಂಗಳ. ಅಧ್ಯಾಪಕರೂ ಶಿಷ್ಯರೂ ಒಂದೇ ಅಂಗಳಕ್ಕೆ ಬಾಗಿಲು ತೆರೆಯುತ್ತಿದ್ದರು, ಅಂತೇವಾಸವೆಂದರೆ ಅದೇ.

ಮುಂದೆ ಏನಾಯಿತು? ೧೬೫೭ರಲ್ಲಿ ಬೀದರು ಮೊಗಲರ ವಶವಾಯಿತು. ಅನಂತರ ಆ ವಿದ್ಯಾಮಂದಿರದಲ್ಲಿ ಸೈನಿಕರು ಬೀಡುಬಿಟ್ಟರು. ಕೋಣೆಗಳಲ್ಲಿ ಕೋವಿಯ ಮದ್ದನ್ನು ತುಂಬಿದರು. ೧೬೯೫-೯೬ರ ಹೊತ್ತಿಗೆ ಆ ಮದ್ದು ಸಿಡಿದು, ಒಂದು ಮಿನಾರವೂ ಕಟ್ಟಡದ ದೊಡ್ಡ ಭಾಗವೂ ಹಾರಿಹೋದುವು. ವಿದ್ಯಾರ್ಥಿಗಳ ಮನೆಯು ಗೋದಾಮಾಗಲು ಒಂದು ಅಪ್ಪಣೆ ಸಾಕು. ಗೋದಾಮು ವಿದ್ಯಾರ್ಥಿಗಳ ಮನೆಯಾಗಬೇಕಾದರೆ ಬಹು ಜಾಗರೂಕತೆ ಬೇಕು. ಹೊತ್ತಿಕೊಳ್ಳುವ, ವಿಷವನ್ನುಗುಳುವ ಪದಾರ್ಥವೂ ಮಲಗುವ ಮಕ್ಕಳೂ ಒಂದೇ ಮಾಡಿನ ಕೆಳಗೆ ಇರಕೂಡದು.

ಹಾಗಾದರೆ ಹಳೆಯ ಕಾರ್ಖಾನೆಗಳನ್ನು ಕೆಡವಿಹಾಕುವುದೇ ಲೇಸೇ? ನಮ್ಮ ನಾಡಿನಲ್ಲಿ ಹೆಚ್ಚಾಗಿ ಹಾಗೆಯೇ ನಡೆದಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ಲಿನ ನೆಲದ ಮೇಲೆ ೨೦೧೦ರಲ್ಲಿ ಒಂದು ದೊಡ್ಡ ಮಾಲು ತೆರೆಯಿತು. ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ಲೆಂಬ ಹೆಸರು ಬಡಾವಣೆಗೆ ಉಳಿದಿದೆ, ನೂಲಿನ ಸದ್ದು ಉಳಿದಿಲ್ಲ. ಆದರೆ ಜೀರ್ಣೋದ್ಧಾರವು ಹೊಸತನ್ನು ಕಟ್ಟುವುದಕ್ಕಿಂತ ಕಡಿಮೆಯ ಪುಣ್ಯವಲ್ಲವೆಂಬುದು ನಮ್ಮವರ ನಂಬಿಕೆ. ಉದ್ಧಾರವೆಂದರೆ ಮೇಲಕ್ಕೆ ಎತ್ತುವುದು. ಬಿದ್ದುದನ್ನು ಎತ್ತಿ ನಿಲ್ಲಿಸುವುದು.

ಹೊರದೇಶಗಳಲ್ಲಿ ಇದನ್ನು ಮಾಡಿ ತೋರಿಸಿದವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ೧೮೯೬ರಿಂದ ೧೮೯೯ರವರೆಗೆ ಕಟ್ಟಿದ ನಾಲ್ಕು ಬೃಹತ್ತಾದ ಅನಿಲಸಂಗ್ರಹಾಗಾರಗಳಿದ್ದುವು. ೧೯೮೦ರ ದಶಕದಲ್ಲಿ ಅವು ನಿಂತುಹೋದುವು. ೧೯೯೯ರಿಂದ ೨೦೦೧ರವರೆಗೆ ಅವುಗಳ ಇಟ್ಟಿಗೆಯ ಹೊರಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಕೆಳಗೆ ಅಂಗಡಿಗಳು, ನಡುವೆ ಕಚೇರಿಗಳು, ಮೇಲೆ ಮನೆಗಳು, ಸುಮಾರು ೨೫೦ ವಿದ್ಯಾರ್ಥಿಗಳಿಗೆ ವಸತಿ, ಹೀಗೆ ಒಂದು ಪುಟ್ಟ ಊರನ್ನೇ ಮಾಡಿದರು. ವಾಸದ ಮನೆಗಳು ತುಂಬಿದುವು. ಅಂಗಡಿಗಳು ಮಾತ್ರ ಎಣಿಸಿದಷ್ಟು ನಡೆಯದೆ ಅನೇಕವು ಮುಚ್ಚಿದುವು. ನಾರ್ವೆಯ ಆಸ್ಲೊ ನಗರದಲ್ಲಿ ೧೯೫೩ರ ಧಾನ್ಯದ ಕಣಜವೊಂದನ್ನು ೨೦೦೧ರಲ್ಲಿ ೨೨೬ ವಿದ್ಯಾರ್ಥಿಬಿಡಾರಗಳಾಗಿ ಪರಿವರ್ತಿಸಿದರು. ಕಣಜವು ದುಂಡಾಗಿದ್ದುದರಿಂದ ಕೋಣೆಗಳೂ ದುಂಡು. ಧಾನ್ಯವು ಮೊದಲು ಹೊರಗೆ ಹೋಯಿತು, ಮಕ್ಕಳು ಆಮೇಲೆ ಒಳಗೆ ಬಂದರು. ಅರ್ಧಾರ್ಧದ ಲೆಕ್ಕ ಅಲ್ಲಿರಲಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಭಾಲ್ಕಿಯವರಿಗೆ ವಿದ್ಯಾರ್ಥಿಗಳನ್ನು ಸಾಕುವುದು ಹೊಸ ವಿದ್ಯೆಯಲ್ಲ. ನಿಜಾಮರ ಆಳ್ವಿಕೆಯಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (೧೮೮೯-೧೯೯೯) ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡದ ಪಾಠವನ್ನು ಹೇಳಿಸಿದರು. ಬಡಮಕ್ಕಳಿಗೆ ಪ್ರಸಾದನಿಲಯವನ್ನು ನಡೆಯಿಸಿದರು. ಅಲ್ಲಿ ಹೆಚ್ಚಿದ್ದುದು ಗೋಡೆಯ ಅಂದವಲ್ಲ, ಮಕ್ಕಳ ಮೇಲಿನ ಕಣ್ಣು.

ಮಾತು ಕೊಟ್ಟಂತೆ ನಾವು ಭಾಲ್ಕಿಗೆ ಹೋದೆವು. ತಂದೆ ಮಗಳಿಬ್ಬರೂ ನಮ್ಮೊಡನೆ ಗಿರಣಿಯನ್ನು ಸುತ್ತಿದರು. ನಮಗೆ ತಿಳಿದುದನ್ನೂ ತಿಳಿದವರಿಂದ ಕೇಳಿದುದನ್ನೂ ಸೇರಿಸಿ ಅವರಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು ಕಾಗದದ ಕೆಲಸ. ಕೈಗಾರಿಕೆಗೆಂದು ಗುರುತಾದ ನೆಲವನ್ನು ವಾಸಕ್ಕೆ ಬಳಸಬೇಕಾದರೆ ೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಭೂಬಳಕೆಯ ಬದಲಾವಣೆಗೆ ಒಪ್ಪಿಗೆ ಪಡೆಯಬೇಕು. ಆಮೇಲೆ ನೋಡೋಣವೆಂದು ಗೋಡೆಯನ್ನೆತ್ತಿದವರು ಮುಂದೆ ಪಶ್ಚಾತ್ತಾಪಪಡುತ್ತಾರೆ.

ಎರಡನೆಯದು ನೆಲ. ಭಾಲ್ಕಿಯ ಸುತ್ತ ಎರೆಮಣ್ಣು ಬಹಳ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಒಂದಂತಸ್ತಿಗೆಂದು ಹಾಕಿದ ಬುನಾದಿಯ ಮೇಲೆ ಎರಡನೆಯದನ್ನು ಹೇರುವ ಮೊದಲು ಇಂಜಿನಿಯರರಿಂದ ಬುನಾದಿಯನ್ನು ತೋಡಿಸಿ ನೋಡಿಸಬೇಕು. ಯಂತ್ರದ ಎಣ್ಣೆ ಇಳಿದು ಕಪ್ಪಾದ ಮಣ್ಣನ್ನು ತೆಗೆಸಬೇಕು. ಬಾವಿಯ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸದೆ ಕುಡಿಯಲು ಕೊಡಬಾರದು. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಸುರಂಗಬಾವಿಯುಂಟು. ನೆಲದೊಳಗಿನ ಕಾಲುವೆಯ ಉದ್ದಕ್ಕೂ ಗಾಳಿಬೆಳಕಿಗೆಂದು ಬಾವಿಗಳನ್ನು ತೋಡಿದ್ದಾರೆ. ನೀರಿಗೇ ಅಷ್ಟು ಗಾಳಿಬೆಳಕನ್ನು ಕೊಟ್ಟ ಊರಿನವರು ಮಕ್ಕಳ ಕೋಣೆಗೆ ಕಿಟಕಿಯಿಡಲು ಲೋಭಮಾಡಬಾರದು.

ಮೂರನೆಯದು ಮಾಡು. ಅದರ ಒಂದು ಪಾರ್ಶ್ವದಲ್ಲಿ ಕಲ್ನಾರಿನ ಹಳೆಯ ಹಾಳೆಗಳಿದ್ದುವು. ಅವನ್ನು ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿ. ನುರಿತವರು ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಉಳಿದ ಕಡೆ ಬರಿಯ ತಗಡಿನ ಕೆಳಗೆ ನಮ್ಮ ಸೀಮೆಯ ಬೇಸಗೆಯಲ್ಲಿ ಯಾರೂ ಓದಲಾರರು.

ನಾಲ್ಕನೆಯದು ಬಾಗಿಲು. ಮೇಲಿನ ಅಂತಸ್ತಿನಿಂದ ಇಳಿಯಲು ಎರಡು ಕಡೆ ಮೆಟ್ಟಿಲುಗಳಿರಬೇಕು. ರಾತ್ರಿಯಲ್ಲಿ ಯಾವುದಕ್ಕೂ ಹೊರಗಿನಿಂದ ಬೀಗ ಹಾಕಬಾರದು. ಕಳ್ಳರ ಭಯಕ್ಕೆಂದು ಬೀಗ ಹಾಕಿದ ಬಾಗಿಲು ಬೆಂಕಿ ಬಿದ್ದಾಗ ಕಳ್ಳನಿಗಿಂತ ಕ್ರೂರ.

ಐದನೆಯದು ನೆರೆಹೊರೆ. ಪುಸ್ತಕದ ಅಂಗಡಿ, ಹೊಲಿಗೆಯವರು, ಔಷಧದ ಅಂಗಡಿ, ಊಟದ ಮನೆ ಇವು ವಿದ್ಯಾರ್ಥಿಗಳಿಗೂ ಊರಿನವರಿಗೂ ಬೇಕಾದುವು. ಊರಿಗೆ ಬೇಡವಾದ ಅಂಗಡಿಯನ್ನು ವಿದ್ಯಾರ್ಥಿಗಳೇ ಉಳಿಸಲಾರರೆಂಬುದಕ್ಕೆ ವಿಯೆನ್ನಾವೇ ಸಾಕ್ಷಿ. ಧಾನ್ಯದ ದಾಸ್ತಾನು, ಗ್ಯಾಸಿನ ಸಿಲಿಂಡರುಗಳ ಸಂಗ್ರಹ, ಬಣ್ಣದ ಡಬ್ಬಿಗಳು, ಪಟಾಕಿ ಇವು ಆ ಆವರಣದೊಳಗೆ ಬರಕೂಡದು. ನಡುವೆ ಎಷ್ಟೇ ಎತ್ತರದ ಗೋಡೆಯಿರಲಿ, ಬರಕೂಡದು.

ಇಲ್ಲಿಗೆ ಬಂದಾಗ ಶಿಷ್ಯರು ತಲೆಬಾಗಿಸಿ, “ಗೋದಾಮಿನ ಬಾಡಿಗೀ ಬಿಟ್ಟರ ಬ್ಯಾಂಕಿನ ಕಂತು ಹ್ಯಾಂಗ ಕಟ್ಟಲಿ ಗುರುಗಳೇ? ಅದು ತಿಂಗಳಾ ತಿಂಗಳಾ ಬರೋ ರೊಕ್ಕರಿ” ಎಂದರು. ಅದು ನ್ಯಾಯವಾದ ಪ್ರಶ್ನೆ. ಉಪದೇಶ ಹೇಳುವವನು ಕಂತನ್ನು ಕಟ್ಟುವುದಿಲ್ಲ. ಆಗ ನಾವು ಬೇವಿನ ಮರದ ಕಟ್ಟೆಯ ಮೇಲೆ ಕುಳಿತು, ಮೇಲೆ ಬರೆದ ೧೯೮೨ರ ವೃತ್ತಾಂತವನ್ನು ಅವರಿಗೆ ಹೇಳಿದೆವು. ನಲವತ್ತು ವರ್ಷಗಳ ಮೇಲೆ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದುದು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಆ ಹುಡುಗಿಯೇ, “ಅಪ್ಪಾ, ಎಲ್ಲಾ ಒಮ್ಮೆಲೇ ಕಟ್ಟಬ್ಯಾಡ. ಮೊದಲ ಬೀದಿ ಕಡೆ ಅಂಗಡಿ ಕಟ್ಟೋಣ; ಅದರ ಬಾಡಿಗೀಲೇ ಹತ್ತು ಕ್ವಾಣಿ ಆಗಲಿ. ಉಳಿದದ್ದು ಆಮ್ಯಾಲ” ಎಂದಳು. ಸಾಲೋಟಗಿಯ ಮಂತ್ರಿಯ ಲೆಕ್ಕವೂ ಅದೇ ಎಂದು ನಮಗೆ ಸಂತೋಷವಾಯಿತು: ಮೊದಲು ಹೊಲ, ಆಮೇಲೆ ದೀಪ.

ಆರನೆಯ ಮಾತನ್ನು ನಾವು ಅವಳಿಗೇ ಹೇಳಿದೆವು. ನಕ್ಷೆಯಲ್ಲಿ ಕೋಣೆಗಳಿದ್ದುವು, ಸ್ನಾನದ ಮನೆಗಳಿದ್ದುವು, ಗಾಡಿ ನಿಲ್ಲಿಸುವ ಸ್ಥಳವಿತ್ತು. ಹಿರಿಯರೊಬ್ಬರು ಸಂಸಾರಸಮೇತರಾಗಿ ವಾಸಿಸುವ ಬಿಡಾರವಿರಲಿಲ್ಲ. ಚೌಕಿದಾರನೊಬ್ಬನು ಸಾಲದು, ಅವನು ಬಾಗಿಲನ್ನು ಕಾಯುತ್ತಾನೆ, ಮಕ್ಕಳನ್ನಲ್ಲ. ಮಹಮೂದ್ ಗವಾನನು ೩೬ ಕೋಣೆಗಳಿಗೆ ೬ ಅಧ್ಯಾಪಕರ ಬಿಡಾರಗಳನ್ನು ಕಟ್ಟಿಸಿದ್ದನು. ನೀವು ೧೦ ಕೋಣೆಗಳಿಗೆ ಒಂದನ್ನಾದರೂ ಕಟ್ಟಿಸಿರಿ ಎಂದೆವು. ಅವಳು ಪೆನ್ಸಿಲಿನಿಂದ ಅಂಗಡಿಯೊಂದನ್ನು ಅಳಿಸಿ, ಬಾವಿಯ ಬಳಿಯಲ್ಲಿ ಆ ಬಿಡಾರವನ್ನು ಬರೆದಳು.

ಈ ಲೇಖನವನ್ನು ಬರೆಯುತ್ತಿರುವಾಗ ಭಾಲ್ಕಿಯಿಂದ ಫೋನು ಬಂದಿತ್ತು. ಧಾನ್ಯದ ವರ್ತಕರಿಗೆ ಆಗದೆಂದು ತಿಳಿಸಿದರಂತೆ. ತಮ್ಮನು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಒಪ್ಪದಿದ್ದರೆ ಅವನ ಪಾಲಿನ ನೆಲವು ಪ್ಲಾಟುಗಳಾಗಿ ಹೋಗುವುದು, ಅಂಗಳವು ಅರ್ಧವಾಗುವುದು. ಹಾಗಾದರೂ ಉಳಿದರ್ಧದಲ್ಲಿಯೇ ಕಟ್ಟುವೆವೆಂದು ಮಗಳು ಹೇಳುತ್ತಾಳಂತೆ. ನಮ್ಮ ಸಹಪಾಠಿಯ ಹೆಸರನ್ನು ಒಂದು ಕೋಣೆಗೆ ಇಡಬೇಕೆಂದು ಅವಳಿಗೆ ಆಸೆ. ಹೆಸರು ಬೇಡ, ಪ್ರತಿ ಕೋಣೆಗೂ ಎರಡು ಕಿಟಕಿಗಳನ್ನಿಡು ತಾಯಿ, ಎಂದೆವು.

ತಾಯಿತಂದೆಗಳೇ, ಜೂನ್ ತಿಂಗಳಿನಲ್ಲಿ ನೀವು ಬೀದರಿಗೋ ಭಾಲ್ಕಿಗೋ ಬೇರಾವ ಊರಿಗೋ ಮಕ್ಕಳನ್ನು ಬಿಡಲು ಹೋದಾಗ ಮಂಚವೆಷ್ಟು, ಊಟವೇನು, ಬಾಡಿಗೆಯೆಷ್ಟು ಎಂದು ಕೇಳುವಿರಿ, ಅವಶ್ಯವಾಗಿ ಕೇಳಿರಿ. ಅದರ ಜೊತೆಗೆ ಗೋಡೆಯಾಚೆ ಏನಿದೆಯೆಂದು ಹೋಗಿ ನೋಡಿರಿ. ಕಿಟಕಿಯನ್ನು ನಿಮ್ಮ ಕೈಯಿಂದಲೇ ತೆರೆದು ನೋಡಿರಿ. ಎರಡನೆಯ ಮೆಟ್ಟಿಲಿನಿಂದ ಒಮ್ಮೆ ಇಳಿದು ಬನ್ನಿರಿ. ಮುಂಗಡ ಹಣವನ್ನು ಕೊಡುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿರಿ: ದೀಪಾವಳಿಯ ರಾತ್ರಿ ಊರಿಗೆ ಹೋಗದೆ ಇಲ್ಲಿ ಉಳಿಯುವ ಹುಡುಗರೆಷ್ಟು ಮಂದಿಯೆಂದು ಎಣಿಸುವವರು ಯಾರು? ಆ ಪ್ರಶ್ನೆಗೆ ಒಬ್ಬರ ಹೆಸರನ್ನು ಹೇಳಿ, ಅವರನ್ನು ಕರೆದು ತೋರಿಸಿದರೆ, ನಿಮ್ಮ ಮಗುವಿನ ಹಾಸಿಗೆಯನ್ನು ಅಲ್ಲಿ ಬಿಚ್ಚಿರಿ.